ಚೈನು ಬಿಗಿ ಹಿಡಿದಷ್ಟೂ ಬೊಗಳಾಟ ಜಾಸ್ತಿ

ಕಾರವಾರದ ಕೋಡಿಬಾಗದಿಂದ ಓದುಗರೊಬ್ಬರ ಪತ್ರ (ಹೆಸರು ಹಾಕ್ಬೇಡಿ ಅಂದಿದ್ದಾರೆ):

"ನಮ್ದು ಶಿರಸಿ ಕಡೆ ಹಳ್ಳಿ. ಇವರಿಗೆ ಕೆಲಸ ಇಲ್ಲಿಗೆ ಬಂತು ಅಂತ ನಾಲ್ಕು ತಿಂಗಳ ಹಿಂದೆ ಬಾಡಿಗೆ ಮನೆಗೆ ಬಂದ್ವಿ, ಜೊತೆಗೆ ನಮ್ಮ ಮೂರು ವರ್ಷದ ನಾಯಿ ರಾಜನೂ ಬಂದ. ಊರಲ್ಲಿ ಅಕ್ಕಪಕ್ಕದ ಮನೆ ನಾಯಿಗಳ ಜೊತೆ ತೋಟ, ಬೆಟ್ಟ ಅಂತ ತಿರುಗ್ತಿದ್ದ, ಒಂದಿನ ಜಗಳ ಇಲ್ಲ. ಇಲ್ಲಿ ಚೈನು ಹಾಕಿ ರೋಡಿಗೆ ಇಳಿದ್ರೆ ಸಾಕು, ದೂರದಲ್ಲಿ ಒಂದು ನಾಯಿ ಕಂಡ್ರೂ ಹಿಂಗಾಲ ಮೇಲೆ ನಿಂತು ಹುಚ್ಚು ಹಿಡಿದ ಹಾಗೆ ಬೊಗಳ್ತಾನೆ. ಹೋದ ವಾರ ಎಳೆದ ರಭಸಕ್ಕೆ ನಾನು ಬಿದ್ದು ಮೊಣಕಾಲು ತರಚಿ ಹೋಯ್ತು. ಓನರ್ ಆಂಟಿ 'ಒಮ್ಮೆ ಬಿಟ್ಬಿಡಿ, ಅವೇ ಕಚ್ಚಾಡ್ಕೊಂಡು ಸರಿ ಆಗ್ತವೆ' ಅಂತಾರೆ. ಮೈದುನ 'ಅದು ನಿಮ್ಮ ತಲೆ ಮೇಲೆ ಕೂತಿದೆ, ಕುತ್ತಿಗೆ ಹಿಡಿದು ನೆಲಕ್ಕೆ ಒತ್ತಿ' ಅಂತಾನೆ. ನಮ್ಮ ರಾಜ ಕೆಟ್ಟುಹೋದ್ನಾ? ವಾಪಸ್ ಊರಿಗೆ ಬಿಟ್ಟು ಬರ್ಬೇಕಾ?"

ಸಂಪಾದಕರ ಉತ್ತರ:

ಅಕ್ಕಾ, ರಾಜ ಕೆಟ್ಟಿಲ್ಲ. ಇದನ್ನ ಸಮಾಧಾನಕ್ಕೆ ಹೇಳ್ತಾ ಇಲ್ಲ, ನಿಮ್ಮ ಪತ್ರದಲ್ಲೇ ಉತ್ತರ ಇದೆ: ಊರಲ್ಲಿ ಜಗಳ ಇರಲಿಲ್ಲ, ಇಲ್ಲಿ ಚೈನು ಹಾಕಿದ ಮೇಲೆ ಶುರು ಆಯ್ತು.

ನಿಮ್ಮ ಪತ್ರ ಓದಿದ ಮೇಲೆ ಭಾನುವಾರ ಬೆಳಿಗ್ಗೆ ಟಾಗೋರ್ ಬೀಚಿಗೆ ಹೋಗಿ ಒಂದು ತಾಸು ಸುಮ್ನೆ ಕೂತಿದ್ದೆ. ಮೀನುಗಾರರು ಏಂಡಿ ಬಲೆಯನ್ನ ದಡಕ್ಕೆ ಎಳೀತಾ ಇದ್ರು, ಬೀಚಿನ ನಾಯಿಗಳು ಮೀನಿಗೆ ಕಾಯ್ತಾ ಅಲ್ಲಲ್ಲಿ ಕೂತಿದ್ವು. ಕಾಜುಬಾಗ ಕಡೆಯಿಂದ ಒಂದು ಕಂದು ಬಣ್ಣದ ಹೆಣ್ಣು ನಾಯಿ ಬಂತು, ಅಲ್ಲಿಯ ಗುಂಪಿನದಲ್ಲ ಅಂತ ನೋಡಿದ್ರೇ ಗೊತ್ತಾಗ್ತಿತ್ತು. ಬೀಚಿನ ಕರಿ ನಾಯಿ ಎದ್ದು ನಿಂತಿತು. ಆದ್ರೆ ಎರಡೂ ಸೀದಾ ಎದುರಿಗೆ ಬರಲಿಲ್ಲ ನೋಡಿ, ಕಂದು ನಾಯಿ ನೀರಿನ ಕಡೆಗೆ ಒಂದು ಅರ್ಧ ಸುತ್ತು ಹಾಕಿತು, ನಡುವೆ ನಿಂತು ಅಲ್ಲಿ ಬಿದ್ದಿದ್ದ ತೆಂಗಿನ ಚಿಪ್ಪನ್ನ ಬಹಳ ಹೊತ್ತು ಮೂಸಿತು, ಚಿಪ್ಪಲ್ಲಿ ಎಂತದೂ ಇರಲಿಲ್ಲ. ಕರಿ ನಾಯಿ ಮುಖ ಆ ಕಡೆ ತಿರುಗಿಸಿ ನಾಲಿಗೆಯಿಂದ ಮೂಗು ಒರೆಸ್ಕೊಂಡಿತು. ಆಮೇಲೆ ಪಕ್ಕದಿಂದ ಬಂದು ಒಂದರ ಹಿಂಭಾಗ ಇನ್ನೊಂದು ಮೂಸಿ, ಮೂರು ನಾಲ್ಕು ಎಣಿಸೋದ್ರೊಳಗೆ ಬಿಟ್ಟು ಎರಡೂ ತಮ್ಮ ತಮ್ಮ ದಾರಿ ಹಿಡಿದ್ವು. ಇಡೀ ಮಾತುಕತೆ ಅರ್ಧ ನಿಮಿಷ.

ನಾಯಿಗಳ ಮರ್ಯಾದೆ ಅಂದ್ರೆ ಇದು. ಸುತ್ತು ಹಾಕಿ ಬರೋದು, ದಿಟ್ಟಿಸಿ ನೋಡದೇ ಇರೋದು, ಸುಮ್ಸುಮ್ನೆ ನೆಲ ಮೂಸೋದು, ಆಕಳಿಸೋದು, ಇದೆಲ್ಲ "ನನ್ನಿಂದ ನಿನಗೆ ತೊಂದ್ರೆ ಇಲ್ಲ" ಅಂತ ಹೇಳೋ ರೀತಿ. ಈಗ ರಾಜನ್ನ ಚೈನಲ್ಲಿ ಕೋಡಿಬಾಗದ ರೋಡಿಗೆ ತನ್ನಿ. ಒಂದು ಕಡೆ ಕಂಪೌಂಡು, ಇನ್ನೊಂದು ಕಡೆ ಗಟಾರ, ಎದುರಿಗೆ ಒಂದು ನಾಯಿ. ಸುತ್ತು ಹಾಕ್ಲಿಕ್ಕೆ ಜಾಗ ಇಲ್ಲ, ತಿರುಗಿ ಓಡ್ಲಿಕ್ಕೆ ಚೈನು ಬಿಡೋದಿಲ್ಲ, ಅಷ್ಟರಲ್ಲಿ ನೀವು ಗಾಬರಿಯಿಂದ ಚೈನು ಬಿಗಿ ಹಿಡಿದ್ರಿ, ಕುತ್ತಿಗೆ ಮೇಲೆದ್ದಿತು, ಎದೆ ಮುಂದೆ ಬಂತು, ಎದುರಿನ ನಾಯಿಗೆ ಅದು "ಬಾ ನೋಡೇ ಬಿಡುವಾ" ಅಂದ ಹಾಗೆ ಕಾಣ್ತದೆ, ರಾಜ ಹಾಗೆ ಹೇಳದೇ ಇದ್ರೂ. ಮೈಯಿಂದ ಹೇಳೋ ಮಾತೆಲ್ಲ ಕಿತ್ಕೊಂಡ ಮೇಲೆ ಅವನ ಹತ್ರ ಉಳಿಯೋದು ಬೊಗಳೋದೊಂದೇ.

ಇನ್ನೊಂದು ವಿಷ್ಯ ಇದೆ. ರಾಜ ಬೊಗಳ್ತಾನೆ, ಎದುರಿನ ನಾಯಿ ಹೊರಟು ಹೋಗ್ತದೆ. ಅದು ಹೆಂಗಿದ್ರೂ ಹೋಗೋದೇ ಇತ್ತು, ಆದ್ರೆ ರಾಜನ ಲೆಕ್ಕದಲ್ಲಿ ತಾನು ಬೊಗಳಿದ್ದಕ್ಕೇ ಹೋಯ್ತು. ದಿನಾ ಎರಡು ಮೂರು ಸಲ ಹೀಗಾದ್ರೆ ನಾಲ್ಕು ತಿಂಗಳಲ್ಲಿ ಎಷ್ಟು ಸಲ ಆಯ್ತು ಅಂತ ನೀವೇ ಲೆಕ್ಕ ಹಾಕಿ. ಅದ್ಕೆ ದಿನ ಹೋದ ಹಾಗೆ ಕಡಿಮೆ ಆಗೋ ಬದಲು ಜಾಸ್ತಿ ಆಗ್ತಾ ಇರೋದು.

ಊರಿನ ನಾಯಿಗಳ ಜೊತೆ ಚೆನ್ನಾಗಿದ್ದ ಅಂದ್ರಲ್ಲ, ಅವು ಅವನು ಮರಿ ಇದ್ದಾಗಿಂದ ನೋಡಿದ ನಾಯಿಗಳು. ಪರಿಚಯದ ನಾಯಿ ಬೇರೆ, ಅಪರಿಚಿತ ನಾಯಿ ಬೇರೆ. ಅದೂ ಅಲ್ದೇ ಒಂದೂವರೆ ವರ್ಷದಿಂದ ಮೂರು ವರ್ಷದೊಳಗೆ ಬಹಳ ನಾಯಿಗಳು ಬದಲಾಗ್ತವೆ, ಮರಿ ಇದ್ದಾಗ ಎಲ್ಲರ ಮೈಮೇಲೂ ಬೀಳೋ ನಾಯಿ ದೊಡ್ಡದಾದ ಮೇಲೆ ಯಾರ ಜೊತೆ ಸೇರ್ಬೇಕು ಅಂತ ಆರಿಸ್ಕೊಳ್ತದೆ. ಅದು ಬೆಳವಣಿಗೆ. ಇಲ್ಲಿ ಒಂದೊಂದು ಕ್ರಾಸಿಗೂ ಅದರದ್ದೇ ನಾಯಿ ಗುಂಪು, ಅವುಕ್ಕೆ ರಾಜ ಹೊಸಬ, ರಾಜನಿಗೆ ಅವೆಲ್ಲ ಹೊಸವು.

ನಿಮ್ಮ ಮೈದುನನ ಮಾತಿಗೆ ಬರ್ತೇನೆ, ಯಾಕಂದ್ರೆ ಇದನ್ನ ಬಹಳ ಜನ ನಂಬಿದ್ದಾರೆ ಮತ್ತೆ ಇದ್ರಿಂದ ಬಹಳ ನಾಯಿಗಳಿಗೆ ಪೆಟ್ಟಾಗಿದೆ. ನಾಯಿ ಬಾಸ್ ಆಗ್ಲಿಕ್ಕೆ ನೋಡ್ತದೆ, ನಾವು ಅದಕ್ಕಿಂತ ದೊಡ್ಡ ಬಾಸ್ ಅಂತ ತೋರಿಸ್ಬೇಕು ಅನ್ನೋ ವಿಚಾರದ ಬೇರು 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನೋರು ಬರೆದ ತೋಳಗಳ ಅಧ್ಯಯನದಲ್ಲಿದೆ. ಅವರು ನೋಡಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಝೂದಲ್ಲಿ ಕೂಡಿ ಹಾಕಿದ ತೋಳಗಳನ್ನ, ಅಲ್ಲಿ ಜಾಗ ಬಿಟ್ಟು ಹೋಗ್ಲಿಕ್ಕೆ ದಾರಿನೇ ಇಲ್ಲ, ಕಚ್ಚಾಟ ಆಗದೇ ಇನ್ನೇನು. ಡೇವಿಡ್ ಮೆಕ್ ಅನ್ನೋ ಅಮೆರಿಕದ ವಿಜ್ಞಾನಿ 1970ರಲ್ಲಿ ಇದೇ ವಿಚಾರವನ್ನ ಪುಸ್ತಕದಲ್ಲಿ ಬರೆದು ಜಗತ್ತಿಗೆಲ್ಲ ಹಬ್ಬಿಸಿದ್ರು. ಆಮೇಲೆ ಅದೇ ಮೆಕ್ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ 13 ಬೇಸಿಗೆ ಕಾಡಿನ ತೋಳಗಳ ಹತ್ರವೇ ಇದ್ದು ನೋಡಿ, 1999ರಲ್ಲಿ ಬರೆದ್ರು: ತೋಳದ ಗುಂಪು ಅಂದ್ರೆ ಅಪ್ಪ, ಅಮ್ಮ, ಮಕ್ಕಳ ಕುಟುಂಬ, ಅಲ್ಲಿ ಪಟ್ಟಕ್ಕೆ ಜಗಳ ಇಲ್ಲ. ತಾನೇ ಬರೆದದ್ದನ್ನ ತಾನೇ ತಿದ್ದಿದ ಆ ಮನುಷ್ಯನ ಬಗ್ಗೆ ನನಗೆ ಬಹಳ ಗೌರವ. ರಾಜನ್ನ ನೆಲಕ್ಕೆ ಒತ್ತಿದ್ರೆ ಅವನು ಕಲಿಯೋದು ಒಂದೇ, ಬೇರೆ ನಾಯಿ ಕಂಡಾಗೆಲ್ಲ ಮನೆಯವರೂ ನನಗೆ ಹೊಡೀತಾರೆ ಅಂತ. ಭಯ ಒಂದಿದ್ದದ್ದು ಎರಡಾಗ್ತದೆ. ದಯವಿಟ್ಟು ಮಾಡ್ಬೇಡಿ, ಮೈದುನನಿಗೂ ಮಾಡ್ಲಿಕ್ಕೆ ಬಿಡ್ಬೇಡಿ.

ಓನರ್ ಆಂಟಿ ಹೇಳಿದ ಹಾಗೆ ಬಿಟ್ಟು ನೋಡೋದೂ ಬೇಡ. ಬೀದಿ ನಾಯಿ ನಾಲ್ಕಿರ್ತವೆ, ರಾಜ ಒಬ್ಬ.

ನನ್ನದೂ ಒಂದು ತಪ್ಪು ಹೇಳ್ಬೇಕು. ನಮ್ಮ ಕೆಂಚ ಬೈತಕೋಲ ಬಂದರಿನ ಹತ್ರ ಮಳೆಯಲ್ಲಿ ಸಿಕ್ಕಿದ ಮರಿ. ಬೀದಿ ನಾಯಿ ಎಲ್ಲಿ ಕಚ್ತಾವೋ ಅಂತ ಯಾವ ನಾಯಿ ಕಂಡ್ರೂ ಎತ್ಕೊಂಡು ಎದೆಗೆ ಅಪ್ಪಿಕೊಳ್ತಿದ್ದೆ, ನನ್ನ ಎದೆ ಡವಡವ ಅಂತಿತ್ತು, ಮರಿಗೆ ಅದು ಗೊತ್ತಾಗ್ತಿತ್ತು. ಮರಿಗಳಿಗೆ ಸುಮಾರು 3ನೇ ವಾರದಿಂದ 12, 14ನೇ ವಾರದವರೆಗೆ ಯಾವುದು ಮಾಮೂಲು, ಯಾವುದು ಅಪಾಯ ಅಂತ ಮನಸ್ಸಲ್ಲಿ ಅಚ್ಚಾಗೋ ಸಮಯ, ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ವರ್ಷಗಟ್ಟಲೆ ನಾಯಿ ಸಾಕಿ ನೋಡಿ 1965ರಲ್ಲೇ ಇದನ್ನ ಬರೆದಿಟ್ಟಿದ್ದಾರೆ. ಆ ಹೊತ್ತಲ್ಲಿ ನಾನು ಕೆಂಚನಿಗೆ ನಾಯಿ ಅಂದ್ರೆ ಅಪಾಯ ಅಂತ ಕಲಿಸಿದೆ. ಒಂದು ವರ್ಷ ಆಗೋ ಹೊತ್ತಿಗೆ ಅವನು ಈಗಿನ ರಾಜನ ಹಾಗೇ ಆಗಿದ್ದ. (ಈಗ ಮರಿ ತರೋ ಓದುಗರಿದ್ರೆ: ಪಾರ್ವೋ, ಡಿಸ್ಟೆಂಪರ್ ರೋಗ ಬರದ ಹಾಗೆ ಕೊಡೋ ಇಂಜೆಕ್ಷನ್ ಮುಗಿಯೋ ತನಕ ಬೀದಿ ನೆಲಕ್ಕೆ ಬಿಡೋದು ಬೇಡ, ಆದ್ರೆ ಎತ್ಕೊಂಡು ಆರಾಮಾಗಿ ಕೂತು ದೂರದಿಂದ ನಾಯಿ, ಬೈಕು, ಮಕ್ಕಳನ್ನ ತೋರಿಸಿ. ಇಂಜೆಕ್ಷನ್ ಆಗಿರೋ ಪರಿಚಯದ ಶಾಂತ ನಾಯಿ ಇದ್ರೆ ಅದರ ಮನೆಗೆ ಕರ್ಕೊಂಡು ಹೋಗಿ.)

ಕೆಂಚನ್ನ ಸರಿ ಮಾಡ್ಲಿಕ್ಕೆ ನಾಲ್ಕು ತಿಂಗಳಿಗಿಂತ ಜಾಸ್ತಿ ಹಿಡೀತು. ಮಾಡಿದ್ದೇನು ಅಂತ ಹೇಳ್ತೇನೆ, ನೀವೂ ಮಾಡಿ.

ಎಲ್ಲಕ್ಕಿಂತ ಮೊದಲು ಡಾಕ್ಟರಿಗೆ ತೋರಿಸಿ. ಕಿವಿಯೊಳಗೆ ಕೀವು, ಸೊಂಟದ ನೋವು, ಮೈತುಂಬ ಉಣುಗು ಇದ್ರೆ ನಾಯಿಗೆ ಸಿಟ್ಟು ಬೇಗ ಬರ್ತದೆ, ನೋವಿರೋ ನಾಯಿಗೆ ಎಷ್ಟು ಕಲಿಸಿದ್ರೂ ಅಷ್ಟೇ. ಆಮೇಲೆ ಕುತ್ತಿಗೆ ಪಟ್ಟಿಗೆ ಚೈನು ಹಾಕೋದು ಬಿಟ್ಟು ಎದೆಗೆ ಬರೋ ಹಾರ್ನೆಸ್ ತನ್ನಿ, ಮುಂದೆ ಎದೆ ಮೇಲೆ ಕೊಂಡಿ ಇರೋದು ಸಿಕ್ಕಿದ್ರೆ ಒಳ್ಳೇದು, ಅವನು ಎಳೆದ್ರೆ ಪಕ್ಕಕ್ಕೆ ತಿರುಗ್ತಾನೆ, ನೀವು ಬೀಳೋದಿಲ್ಲ. ಕಬ್ಬಿಣದ ಚೈನಿನ ಬದಲು ಎರಡು ಮೀಟರಿನ ಬಟ್ಟೆ ಬೆಲ್ಟು. ಅದು ಕೈಯಿಂದ ನಾಯಿವರೆಗೆ ಸ್ವಲ್ಪ ಜೋತಾಡ್ತಾ ಇರ್ಬೇಕು.

ಈಗ ಮುಖ್ಯ ಕೆಲಸ, ದೂರ. ರಾಜ ಎಷ್ಟು ದೂರದಲ್ಲಿ ನಾಯಿ ಕಂಡ್ರೆ ಬರೀ ನೋಡ್ತಾನೆ, ಬೊಗಳೋದಿಲ್ಲ? ಮೂವತ್ತು ಹೆಜ್ಜೆಯಾ, ಐವತ್ತಾ? ಆ ದೂರ ಹುಡುಕಿ. ಅಲ್ಲಿ ನಿಂತು ನಾಯಿ ಕಂಡ ಕೂಡ್ಲೇ, ಅವನು ಬೊಗಳೋ ಮೊದಲು, ಬಾಯಿಗೆ ತಿಂಡಿ. ನಾಯಿ ಮರೆ ಆಯ್ತು, ತಿಂಡಿ ಬಂದ್. ಮತ್ತೆ ಕಂಡಿತು, ಮತ್ತೆ ತಿಂಡಿ. ನಿಮ್ಮ ಮನೇಲಿ ಮೊಟ್ಟೆ, ಮಾಂಸ ಇಲ್ಲದೇ ಇದ್ರೆ ದೋಸೆ ತುಂಡು, ಪನೀರು ಸಾಕು, ಮನೇಲಿ ದಿನಾ ಸಿಗದೇ ಇರೋ ತಿಂಡಿ ಆಗಿರ್ಬೇಕು ಅಷ್ಟೇ. ಪೇಟೆಯ ಉಪ್ಪು ಹಾಕಿದ ಒಣ ಮೀನು ಮಾತ್ರ ಬೇಡ. ಎರಡು ಮೂರು ವಾರದಲ್ಲಿ ಒಂದು ದಿನ ರಾಜ ನಾಯಿ ನೋಡಿ ತಾನಾಗೇ ತಿರುಗಿ ನಿಮ್ಮ ಮುಖ ನೋಡ್ತಾನೆ, ಎಲ್ಲಿ ದೋಸೆ ಅಂತ. ಕೆಂಚ ಮೊದಲ ಸಲ ಹಾಗೆ ತಿರುಗಿ ನೋಡಿದ ದಿನ ನಾನು ರಸ್ತೆ ಮೇಲೇ ಅತ್ತಿದ್ದೆ. ಆಮೇಲೆ ನಾಲ್ಕು ಹೆಜ್ಜೆ ಹತ್ರ, ಅವಸರ ಬೇಡ. ಅಕಸ್ಮಾತ್ ತಿರುವಿನಲ್ಲಿ ನಾಯಿ ಎದುರಾದ್ರೆ ಚೈನು ಜಗ್ಗದೇ "ಬಾ ರಾಜ" ಅಂತ ಖುಷಿ ಸ್ವರದಲ್ಲಿ ಕರೆದು ಬಂದ ದಾರಿಗೇ ತಿರುಗಿ, ಸೋತ ಹಾಗೆ ಅಂದ್ಕೋಬೇಡಿ.

ಬೊಗಳೋ ಮೊದಲೇ ಗೊತ್ತಾಗ್ಬೇಕಲ್ಲ, ಅದ್ಕೆ ಅವನ ಮೈ ನೋಡ್ತಾ ಇರಿ. ತೆರೆದಿದ್ದ ಬಾಯಿ ಫಕ್ಕನೆ ಮುಚ್ಚಿತು, ಕಿವಿ ಮುಂದೆ ಬಂತು, ಮೈ ಮರಗಟ್ಟಿತು ಅಂದ್ರೆ ನಿಮಗೆ ಉಳಿದಿರೋದು ಎರಡು ಸೆಕೆಂಡು. ಬಾಲ ಅಲ್ಲಾಡ್ತಾ ಇದೆ, ಖುಷಿಯಲ್ಲಿದ್ದಾನೆ ಅಂತ ಮೋಸ ಹೋಗ್ಬೇಡಿ. ಇಟಲಿಯ ವಿಜ್ಞಾನಿಗಳು 2007ರಲ್ಲಿ 30 ನಾಯಿಗಳ ಬಾಲವನ್ನ ಕ್ಯಾಮೆರಾದಲ್ಲಿ ಹಿಡಿದು ನೋಡಿದ್ರು, ಯಜಮಾನ ಕಂಡಾಗ ಬಾಲ ನಾಯಿಯ ಬಲಕ್ಕೆ ಜಾಸ್ತಿ ಹೋಗ್ತಿತ್ತು, ಗುರುತಿಲ್ಲದ ಜೋರಿನ ನಾಯಿ ಕಂಡಾಗ ಎಡಕ್ಕೆ. ರಸ್ತೆಯಲ್ಲಿ ನಿಂತು ಎಡ ಬಲ ನೋಡ್ಲಿಕ್ಕೆ ನಮಗೆ ಆಗೋದಿಲ್ಲ, ಆದ್ರೆ ಎತ್ತರಕ್ಕೆ ಸೆಟೆದು ಸಣ್ಣಗೆ ನಡುಗೋ ಬಾಲ ಬೇರೆ, ಸೊಂಟದ ಸಮೇತ ಬಳುಕೋ ಬಾಲ ಬೇರೆ ಅನ್ನೋದು ಎರಡು ದಿನ ನೋಡಿದ್ರೆ ತಿಳೀತದೆ.

ಸ್ವಲ್ಪ ಸುಧಾರಿಸಿದ ಮೇಲೆ ಪರಿಚಯದ ಮನೆಯ ಒಂದು ಶಾಂತ ನಾಯಿಯನ್ನ, ಹೆಣ್ಣಾದ್ರೆ ಒಳ್ಳೇದು, ಜೊತೆಗೆ ನಡೆಸಿ. ಎದುರುಬದುರು ತರ್ಬೇಡಿ. ಬೀಚಿನ ಮರಳಲ್ಲಿ ಇಪ್ಪತ್ತು ಹೆಜ್ಜೆ ಅಂತರ ಬಿಟ್ಟು ಎರಡೂ ಒಂದೇ ದಿಕ್ಕಿಗೆ ನಡೀಲಿ, ದಿನ ಹೋದ ಹಾಗೆ ಅಂತರ ಕಡಿಮೆ ಮಾಡಿ.

ತಿಂಗಳೂ ನೋಡ್ಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟು ಕಡಲಿಗೆ ಹೋಗೋದಿಲ್ಲ, ಬಂದರಿನ ಸುತ್ತ ಮೀನಿನ ಮೇಲೆ ಬದುಕೋ ನಾಯಿಗಳು ಆಗ ಹಸಿದು ಕೇರಿ ಕಡೆ ಬರೋದನ್ನ ನಾನು ಪ್ರತಿ ವರ್ಷ ನೋಡ್ತೇನೆ. ಅದು ಮುಗೀತು ಅನ್ನೋವಾಗ ಶ್ರಾವಣ, ಭಾದ್ರಪದ, ನಾಯಿಗಳು ಬೆದೆಗೆ ಬರೋ ಕಾಲ, ಗಂಡು ನಾಯಿಗಳ ಗುಂಪು ಯಾರ ಮಾತೂ ಕೇಳೋದಿಲ್ಲ. ಅಲ್ಲಿಂದ ಎರಡು ತಿಂಗಳಿಗೆ ಮರಿ, ಮರಿ ಹಾಕಿದ ತಾಯಿ ಇರೋ ಗಲ್ಲಿಗೆ ಹೋಗ್ಲೇಬೇಡಿ. ಬೀದಿ ನಾಯಿಗಳಿಗೆ ಸಂತಾನಹರಣ ಆಪರೇಷನ್, ರೇಬೀಸ್ ಇಂಜೆಕ್ಷನ್ ಮಾಡಿಸೋ ಜವಾಬ್ದಾರಿ 2023ರ ಎಬಿಸಿ (ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮದ ಪ್ರಕಾರ ಸ್ಥಳೀಯ ಸಂಸ್ಥೆಯದ್ದು, ನಿಮ್ಮ ಕ್ರಾಸಿನವರೆಲ್ಲ ಸೇರಿ ಒಂದು ಅರ್ಜಿ ಕೊಡಿ, ನಾನೂ ಸಹಿ ಹಾಕ್ತೇನೆ.

ಒಂದು ವೇಳೆ ಕಚ್ಚಾಟ ಆಗೇ ಬಿಟ್ರೆ ಮಧ್ಯ ಕೈ ಹಾಕ್ಬೇಡಿ. ಒಂದು ಬಕೆಟ್ ನೀರು ಎರಚಿ, ಜೋರು ಸದ್ದು ಮಾಡಿ. ನಿಮಗೆ ಹಲ್ಲು ತಾಗಿದ್ರೆ, ಸಣ್ಣ ಗೀರಾದ್ರೂ, ನಲ್ಲಿ ನೀರಿನ ಕೆಳಗೆ ಸೋಪು ಹಾಕಿ ಪೂರ್ತಿ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಇಂಜೆಕ್ಷನ್ ಕೋರ್ಸು ಪೂರ್ತಿ ಮಾಡಿ. ಅರಿಶಿನ, ಸುಣ್ಣ ಹಚ್ಚೋದು ಬೇಡ. ರಾಜನ ವರ್ಷದ ರೇಬೀಸ್ ಇಂಜೆಕ್ಷನ್ ತಪ್ಪಿಸ್ಬೇಡಿ.

ಊರಿಗೆ ಬಿಟ್ಟು ಬರೋ ವಿಷ್ಯ. ಈಗ್ಲೇ ಬೇಡ ಅಕ್ಕಾ. ಮನೆಯವರೆಲ್ಲ ಇಲ್ಲಿದ್ರೆ ಅಲ್ಲಿ ಅವನು ಯಾರ ನಾಯಿ? ರಾತ್ರಿ ಜಗಲಿ ಮೇಲೆ ಮಲಗಿದ ನಾಯಿಯನ್ನ ಚಿರತೆ ಎತ್ಕೊಂಡು ಹೋದದ್ದು ನಿಮ್ಮ ಕಡೆ ಎಷ್ಟು ಮನೆಯಲ್ಲಾಗಿದೆ ಅಂತ ನನಗಿಂತ ನಿಮಗೆ ಗೊತ್ತು. ರಾಜ ಎಲ್ಲ ನಾಯಿಗಳ ದೋಸ್ತ್ ಆಗ್ಬೇಕು ಅಂತೇನೂ ಇಲ್ಲ, ಕೆಂಚನೂ ಆಗಿಲ್ಲ, ಈಗ ಅವನು ಹತ್ತು ಹೆಜ್ಜೆ ದೂರದಲ್ಲಿ ನಾಯಿ ಹೋದ್ರೆ ಒಮ್ಮೆ ನೋಡಿ ನೆಲ ಮೂಸ್ತಾ ಮುಂದೆ ಹೋಗ್ತಾನೆ, ಅಷ್ಟಿದ್ರೆ ಸಾಕು.

ಸದ್ಯಕ್ಕೆ ಒಂದು ವಾರ ಅವನನ್ನ ರೋಡಿಗೇ ತರ್ಬೇಡಿ, ಅಂಗಳದಲ್ಲೇ ಆಡಿಸಿ, ತಲೆ ತಣ್ಣಗಾಗ್ಲಿ. ಆಮೇಲೆ ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ, ಬೀದಿ ನಾಯಿಗಳೆಲ್ಲ ನೆರಳಲ್ಲಿ ಮಲಗಿರ್ತವೆ, ಮರಳು ಕಾದಿಲ್ಲದ ದಿನ ನೋಡಿ ಬೀಚಿಗೆ ಬನ್ನಿ. ನಿಮ್ಮ ಮೊಣಕಾಲು ವಾಸಿ ಆಗೋ ತನಕ ಬೆಲ್ಟು ನಿಮ್ಮ ಯಜಮಾನರ ಕೈಯಲ್ಲಿರ್ಲಿ, ದೋಸೆ ಡಬ್ಬಿ ನಿಮ್ಮ ಕೈಯಲ್ಲಿರ್ಲಿ. ಜೊತೆಗೆ ನಡೆಯೋ ನಾಯಿ ಬೇಕು ಅನ್ನೋ ಹಂತಕ್ಕೆ ಬಂದಾಗ ಆಫೀಸಿಗೆ ಒಂದು ಕಾರ್ಡು ಹಾಕಿ, ನಮ್ಮ ಕೆಂಚನ್ನ ಕರ್ಕೊಂಡು ನಾನೇ ಬರ್ತೇನೆ, ಇಪ್ಪತ್ತು ಹೆಜ್ಜೆ ದೂರದಲ್ಲಿ.