ನೋವಿಗೆ ಎರಡು ದಿನ ಕಾಯಬಹುದು, ಊತಕ್ಕೆ ಕಾಯಬಾರದು

ಲಾಕ್‌ಡೌನ್ ಶುರುವಾದ ಮೇಲೆ ಹಲ್ಲಿನ ತೊಂದರೆ ಹೇಳಿಕೊಂಡು ಬರುವ ಪತ್ರಗಳು ಹೆಚ್ಚಾಗಿವೆ. 2021ರ ಮೇ ಕೊನೆಯ ಈ ವಾರ ಅವುಗಳಲ್ಲಿ ಮೂರಕ್ಕೆ ದಂತವೈದ್ಯರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ತಾಯಿಗೆ 62 ವರ್ಷ, ಬಿಪಿ ಇದೆ. ಐದು ದಿನದಿಂದ ಕೆಳಗಿನ ದವಡೆ ಹಲ್ಲು ವಿಪರೀತ ನೋಯುತ್ತಿತ್ತು. ಮೆಡಿಕಲ್ ಸ್ಟೋರ್‌ನಿಂದ ಮಾತ್ರೆ ತಂದು ಕೊಟ್ಟೆವು. ನಿನ್ನೆಯಿಂದ ನೋವು ಕಡಿಮೆ, ಆದರೆ ಬೆಳಿಗ್ಗೆ ಎದ್ದಾಗ ಕೆನ್ನೆ ಊದಿತ್ತು. ಕ್ಲಿನಿಕ್‌ಗೆ ಹೋದರೆ ಕೊರೊನಾ ಅಂಟುತ್ತದೆ ಎಂದು ಅವರು ಒಪ್ಪುತ್ತಿಲ್ಲ. ಇನ್ನೊಂದು ವಾರ ಮಾತ್ರೆಯಲ್ಲೇ ತಳ್ಳಬಹುದೇ? — ಓದುಗರು, ದಾವಣಗೆರೆ

ಉತ್ತರ: ಬೇಡ. ಇವತ್ತೇ ಕರೆದುಕೊಂಡು ಹೋಗಿ.

ನೋವು ಇಳಿದಿದ್ದನ್ನು ನೋಡಿ ಎಷ್ಟೋ ಮನೆಯವರು ವಾಸಿಯಾಯಿತು ಎಂದುಕೊಳ್ಳುತ್ತಾರೆ. ಹಲ್ಲಿನೊಳಗಿನ ನರ ಬದುಕಿರುವಾಗ ಒಳಗೇ ಬಾತು, ಜಾಗ ಸಾಲದೆ ಜೀವ ಹಿಂಡುತ್ತದೆ. ನರ ಸತ್ತ ಮೇಲೆ ಆ ನೋವು ತಗ್ಗುತ್ತದೆ. ಆದರೆ ಸೋಂಕು ಅಲ್ಲಿಗೆ ನಿಲ್ಲುವುದಿಲ್ಲ, ಬೇರಿನ ತುದಿಯಿಂದ ಮೂಳೆಗೆ, ಅಲ್ಲಿಂದ ಕೆನ್ನೆಗೆ ಇಳಿಯುತ್ತದೆ. ನಿಮ್ಮ ತಾಯಿಯವರಿಗೆ ಆಗಿರುವುದೂ ಬಹುಶಃ ಇದೇ.

ಕಳೆದ ವರ್ಷದ ಲಾಕ್‌ಡೌನ್‌ನಲ್ಲಿ ನನ್ನ ಹತ್ತಿರ ಬಂದ ಒಬ್ಬರನ್ನು ಮರೆಯಲು ಆಗುತ್ತಿಲ್ಲ. ಒಂದು ವಾರ ಮನೆಯಲ್ಲೇ ಶಾಖ ಕೊಟ್ಟುಕೊಂಡಿದ್ದರು. ಬಂದಾಗ ಗದ್ದದ ಕೆಳಗೆ ಎರಡೂ ಕಡೆ ಹಲಗೆಯಂತೆ ಗಟ್ಟಿಯಾಗಿತ್ತು, ನಾಲಿಗೆ ಮೇಲಕ್ಕೆ ಎದ್ದಿತ್ತು. ಬಿಸಿ ತುತ್ತು ಬಾಯಲ್ಲಿಟ್ಟುಕೊಂಡವರ ಹಾಗೆ ಮಾತಾಡುತ್ತಿದ್ದರು, ಜೊಲ್ಲು ನುಂಗಲು ಆಗದೆ ಟವೆಲ್ ಹಿಡಿದುಕೊಂಡಿದ್ದರು. ಇದಕ್ಕೆ ಲುಡ್ವಿಗ್ಸ್ ಆಂಜೈನಾ ಎನ್ನುತ್ತೇವೆ. ಉಸಿರಿನ ದಾರಿಯೇ ಮುಚ್ಚಿಹೋಗಬಹುದು. ಕುರ್ಚಿಯಲ್ಲಿ ಕೂರಿಸದೆ ನೇರ ದೊಡ್ಡಾಸ್ಪತ್ರೆಗೆ ಕಳಿಸಿದೆ, ಬದುಕಿದರು. ಎಲ್ಲದಕ್ಕೂ ಮೂಲ ಒಂದು ಹುಳುಕು ಹಲ್ಲು.

ಆದ್ದರಿಂದ ಹೊರಡುವ ಮೊದಲು ಅಮ್ಮನ ಬಾಯಿ ನೋಡಿ. ಬಾಯಿ ಎರಡು ಬೆರಳಿನಷ್ಟೂ ತೆರೆಯದಿದ್ದರೆ, ನುಂಗಲು ಕಷ್ಟವಾದರೆ, ಊತ ಕುತ್ತಿಗೆಗೋ ಕಣ್ಣಿಗೋ ಹಬ್ಬಿದ್ದರೆ, ಜ್ವರ ಬಂದು ಸುಸ್ತಾಗಿದ್ದರೆ ಹಲ್ಲಿನ ಕ್ಲಿನಿಕ್ ಹುಡುಕಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೇ ಹೋಗಿ. ಇವೇನೂ ಇಲ್ಲವೆಂದರೆ ಹತ್ತಿರದ ದಂತವೈದ್ಯರಿಗೆ ಮೊದಲು ಫೋನ್ ಮಾಡಿ. ಖಾಸಗಿ ಕ್ಲಿನಿಕ್ ಮುಚ್ಚಿದ್ದರೆ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ.

ಅಲ್ಲಿಯವರೆಗೆ ನೋವಿಗೆ ಪ್ಯಾರಾಸಿಟಮಾಲ್ 650, ಆರು ಗಂಟೆಗೊಂದು, ದಿನಕ್ಕೆ ನಾಲ್ಕು ಮೀರಬಾರದು. ಲಿವರ್ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಅದನ್ನೂ ನುಂಗಬಾರದು. ಐಬುಪ್ರೊಫೇನ್ ಬಿಪಿ ಏರಿಸಬಲ್ಲದು, ಕಿಡ್ನಿಗೂ ಹೊಟ್ಟೆಗೂ ಒಳ್ಳೆಯದಲ್ಲ. ನಿಮ್ಮ ತಾಯಿಗೆ ಅದನ್ನು ನೀವಾಗಿ ಕೊಡಬೇಡಿ. ಕೆನ್ನೆಗೆ ಬಿಸಿ ಶಾಖ ಬೇಡ. ಹಲ್ಲಿನ ಸಂದಿಗೆ ಮಾತ್ರೆ ಪುಡಿ ತುಂಬುವುದು, ಕಡ್ಡಿಪುಡಿ ಒತ್ತುವುದು ವಸಡನ್ನು ಸುಟ್ಟುಹಾಕುತ್ತದೆ. ಆಂಟಿಬಯಾಟಿಕ್ ಬೇಕಾದರೆ ವೈದ್ಯರು ಬರೆಯುತ್ತಾರೆ, ಆದರೆ ಅದೊಂದರಿಂದಲೇ ಇದು ಮುಗಿಯುವುದಿಲ್ಲ. ಹಲ್ಲು ತೆರೆದು ಅಥವಾ ಕಿತ್ತು ಕೀವಿಗೆ ದಾರಿ ಮಾಡಿಕೊಡಲೇಬೇಕು.

ಇನ್ನು ಕೊರೊನಾ ಭಯ. ಅದು ಸುಳ್ಳು ಭಯವಲ್ಲ, ನಮಗೂ ಇದೆ. ಹಲ್ಲು ಕೊರೆಯುವ ಏರೋಟರ್ ನಿಮಿಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಜೊತೆಗೆ ನೀರು ಚಿಮ್ಮುತ್ತದೆ. ಬಾಯಿಯ ಎಂಜಲು ಮಂಜಿನಂತೆ ಗಾಳಿಗೆ ಸೇರುವುದು ಹೀಗೆ. ಅದಕ್ಕೇ 2020ರ ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ದಂತವೈದ್ಯರಿಗೆ ಮಾರ್ಗಸೂಚಿ ಕೊಟ್ಟು, ತುರ್ತಿಲ್ಲದ ಚಿಕಿತ್ಸೆ ಮುಂದೂಡಲು ಹೇಳಿತು. ಹಲ್ಲು ಕ್ಲೀನಿಂಗ್, ಹೊಸ ಕ್ಲಿಪ್ ಹಾಕಿಸುವುದು, ಸೆಟ್ ಕಟ್ಟಿಸುವುದು ಕಾಯಲಿ. ಕೀವು ಕಟ್ಟಿದ ಹಲ್ಲು ಆ ಪಟ್ಟಿಯಲ್ಲಿಲ್ಲ. ಅದನ್ನು ಕೀಳಲು ಹೆಚ್ಚಿನ ಸಲ ಏರೋಟರ್ ಮುಟ್ಟಬೇಕಾಗಿಯೂ ಇಲ್ಲ.

ಫೋನ್ ಮಾಡಿದಾಗ ಕೇಳಲು ಸಂಕೋಚ ಬೇಡ: ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಸಮಯ ಬಿಡುತ್ತೀರಾ, ಕಿಟಕಿ ತೆರೆದಿರುತ್ತದಾ, ಎನ್95 ಹಾಕಿರುತ್ತೀರಾ? ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ. ಕೆಲಸಕ್ಕೆ ಮೊದಲು ಪೊವಿಡೋನ್ ಅಯೋಡಿನ್‌ನಂಥ ದ್ರವದಲ್ಲಿ ಬಾಯಿ ಮುಕ್ಕಳಿಸಲು ಹೇಳಬಹುದು, ಕೊರೆಯಬೇಕಾದರೆ ಹಲ್ಲಿನ ಸುತ್ತ ರಬ್ಬರ್ ಡ್ಯಾಮ್, ಅಂದರೆ ಎಂಜಲು ಚಿಮ್ಮದಂತೆ ತಡೆಯುವ ತೆಳು ರಬ್ಬರ್ ಹಾಳೆ ಹಾಕಬಹುದು. ನೀವು ಅಮ್ಮನಿಗೆ ಊಟ ಮಾಡಿಸಿ, ಬಿಪಿ ಮಾತ್ರೆ ಎಂದಿನಂತೆ ಕೊಟ್ಟು, ಒಬ್ಬರೇ ಜೊತೆಗೆ ಹೋಗಿ. ಕುರ್ಚಿಯಲ್ಲಿ ಕೂರುವವರೆಗೂ ಮಾಸ್ಕ್ ತೆಗೆಯುವುದು ಬೇಡ.

ಮನೆಯಲ್ಲಿ ಯಾರಿಗಾದರೂ ಪಾಸಿಟಿವ್ ಇದ್ದರೆ ದಯವಿಟ್ಟು ಮುಚ್ಚಿಡಬೇಡಿ. ಹೇಳಿದರೆ ಚಿಕಿತ್ಸೆ ಸಿಗುವುದಿಲ್ಲ ಎಂಬ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಗೊತ್ತಿದ್ದರೆ ನಾವು ದಿನದ ಕೊನೆಯ ಸರದಿ ಕೊಡುತ್ತೇವೆ, ಇಲ್ಲವೇ ಕೋವಿಡ್ ವ್ಯವಸ್ಥೆ ಇರುವ ಆಸ್ಪತ್ರೆಗೆ ಮಾತಾಡಿ ಕಳಿಸುತ್ತೇವೆ. ಗೊತ್ತಿಲ್ಲದಿದ್ದರೆ ನಿಮ್ಮ ನಂತರ ಬರುವ ಬಸುರಿ ಹೆಂಗಸಿಗೂ ಅಪಾಯ.

ಪ್ರಶ್ನೆ: ಒಂಬತ್ತು ವರ್ಷದ ಮಗ ಮೆಟ್ಟಿಲಿನಿಂದ ಬಿದ್ದು ಮುಂದಿನ ಹಲ್ಲು ಬೇರು ಸಮೇತ ಬಂದಿದೆ. ಕಾಗದದಲ್ಲಿ ಸುತ್ತಿಟ್ಟಿದ್ದೇವೆ. ಲಾಕ್‌ಡೌನ್ ಮುಗಿದ ಮೇಲೆ ಕೂರಿಸಬಹುದೇ? — ಓದುಗರು, ಹಾಸನ

ಉತ್ತರ: ಬೇರಿನ ಮೇಲಿನ ಜೀವಕೋಶಗಳು ಒಣಗಿದರೆ ಸುಮಾರು ಒಂದು ಗಂಟೆಯಲ್ಲಿ ಸಾಯುತ್ತವೆ. ಈಗ ಆ ಹಲ್ಲು ಗಟ್ಟಿಯಾಗಿ ನಿಲ್ಲುವ ಸಾಧ್ಯತೆ ತೀರಾ ಕಡಿಮೆ. ಆದರೂ ಮಗುವನ್ನು ತೋರಿಸಿ, ಪಕ್ಕದ ಹಲ್ಲುಗಳಿಗೂ ಪೆಟ್ಟಾಗಿರಬಹುದು. ಹೀಗಾದಾಗ ಬೇರು ಮುಟ್ಟದೆ ಹಲ್ಲಿನ ಬಿಳಿ ಭಾಗ ಹಿಡಿದು, ಉಜ್ಜದೆ ತೊಳೆದು, ಸಾಧ್ಯವಾದರೆ ಅಲ್ಲೇ ಕುಳಿಯಲ್ಲಿ ಕೂರಿಸಬೇಕು. ಆಗದಿದ್ದರೆ ಒಂದು ಲೋಟ ತಣ್ಣನೆಯ ಹಾಲಿನಲ್ಲಿ ಹಾಕಿ ಅರ್ಧ ಗಂಟೆಯೊಳಗೆ ವೈದ್ಯರಲ್ಲಿಗೆ ಓಡಬೇಕು. ಪೊಲೀಸರು ತಡೆದರೆ ಆ ಲೋಟ ತೋರಿಸಿ. ಇದು ಶಾಶ್ವತ ಹಲ್ಲಿಗೆ ಮಾತ್ರ, ಹಾಲುಹಲ್ಲನ್ನು ಮತ್ತೆ ಕೂರಿಸಬಾರದು.

ಪ್ರಶ್ನೆ: ಯಜಮಾನರಿಗೆ 48 ವರ್ಷ, ಶುಗರ್ ಇದೆ. ಕೋವಿಡ್‌ಗೆ ಆಕ್ಸಿಜನ್, ಸ್ಟೀರಾಯ್ಡ್ ಕೊಟ್ಟಿದ್ದರು. ಮನೆಗೆ ಬಂದು 12 ದಿನವಾಯಿತು. ಈಗ ಮೇಲಿನ ಮೂರು ಹಲ್ಲು ಒಟ್ಟಿಗೆ ಅಲುಗಾಡುತ್ತಿವೆ, ಕೆನ್ನೆ ಜೋಮು ಹಿಡಿದಂತಿದೆ. ಕೀಳಿಸಬೇಕೇ? — ಓದುಗರು, ಗದಗ

ಉತ್ತರ: ಕೀಳಿಸಬೇಡಿ ಅಮ್ಮಾ, ಮೊದಲು ಇದನ್ನು ಆಸ್ಪತ್ರೆಯಲ್ಲಿ ತೋರಿಸಬೇಕು. ವಸಡಿನ ರೋಗವಿಲ್ಲದೆ ಒಂದೇ ಸಾಲಿನ ಹಲ್ಲುಗಳು ಹೀಗೆ ದಿಢೀರನೆ ಸಡಿಲವಾದರೆ, ಅದರಲ್ಲೂ ಶುಗರ್ ಮತ್ತು ಸ್ಟೀರಾಯ್ಡ್ ಎರಡೂ ಇದ್ದವರಲ್ಲಿ, ನಮಗೆ ಮೊದಲು ಬರುವ ಅನುಮಾನ ಕಪ್ಪು ಶಿಲೀಂಧ್ರ, ಅಂದರೆ ಮ್ಯೂಕರ್‌ಮೈಕೋಸಿಸ್. ಅದು ಮೂಗಿನ ಪಕ್ಕದ ಸೈನಸ್‌ನಿಂದ ಅಂಗುಳಿಗೆ, ಕಣ್ಣಿಗೆ ಏರುತ್ತದೆ. ಟಾರ್ಚ್ ಹಿಡಿದು ಅಂಗುಳು ನೋಡಿ, ಕಪ್ಪು ಅಥವಾ ಬೂದು ಮಚ್ಚೆ ಇದೆಯೇ? ಮೂಗಿನಿಂದ ಕಪ್ಪು ಸಿಂಬಳ, ಕಣ್ಣಿನ ಸುತ್ತ ಊತ, ಎರಡೆರಡಾಗಿ ಕಾಣುವುದು ಇದೆಯೇ? ಏನೂ ಕಾಣದಿದ್ದರೂ ಸುಮ್ಮನಿರಬೇಡಿ, ಜೋಮು ಮತ್ತು ಅಲುಗಾಟವೇ ಸಾಕು. ನಿಮಗೆ ಹುಬ್ಬಳ್ಳಿಯ ಕಿಮ್ಸ್ ಹತ್ತಿರ, ಅಲ್ಲಿ ಇದಕ್ಕೆ ಚಿಕಿತ್ಸೆ ನಡೆಯುತ್ತಿದೆ. ಇಎನ್‌ಟಿ ವಿಭಾಗ ಕೇಳಿ, ಶುಗರ್ ಮತ್ತು ಸ್ಕ್ಯಾನ್ ಇವತ್ತೇ ಆಗಲಿ. ಡಿಸ್ಚಾರ್ಜ್ ಸಮ್ಮರಿ ಕೈಯಲ್ಲಿ ಹಿಡಿದೇ ಹೊರಡಿ, ಸ್ಟೀರಾಯ್ಡ್ ಎಷ್ಟು ದಿನ ಕೊಟ್ಟಿದ್ದರು ಎಂದು ಅಲ್ಲಿ ಮೊದಲು ಕೇಳುತ್ತಾರೆ.