ಸೋಟೊ ಹೋದ ಚಳಿಗಾಲದಲ್ಲಿ ಯಾಂಕೀಸ್ ಮಾಡಿದ್ದು ಸರಿಯೋ ತಪ್ಪೋ? ಈ ವಾದವನ್ನು ಅಳೆಯೋದು ಹೇಗೆ?

ನಿಮ್ಮ ಪ್ರಶ್ನೆ ಇದು: ನ್ಯೂಜೆರ್ಸಿಯ ನಿಮ್ಮ ಆಫೀಸಿನಲ್ಲಿ ಅರ್ಧ ಜನ ಯಾಂಕೀಸ್ ಕಡೆ, ಅರ್ಧ ಜನ ಮೆಟ್ಸ್ ಕಡೆ; ಎರಡೂ ನ್ಯೂಯಾರ್ಕ್‌ನ ಬೇಸ್‌ಬಾಲ್ ತಂಡಗಳು. ಹುವಾನ್ ಸೋಟೊ ಅನ್ನುವ ಆಟಗಾರ 2024ರ ಡಿಸೆಂಬರ್‌ನಲ್ಲಿ ಯಾಂಕೀಸ್ ಬಿಟ್ಟು ಮೆಟ್ಸ್ ಸೇರಿದ್ದು ಯಾರಿಗೆ ನಷ್ಟ, ಯಾರಿಗೆ ಲಾಭ ಅಂತ ಅವರು ಇನ್ನೂ ಕಿತ್ತಾಡುತ್ತಾರೆ. ಐಪಿಎಲ್ ಹರಾಜು ಮಾತ್ರ ಗೊತ್ತಿರುವ ನಿಮಗೆ ಯಾರ ಮಾತಿನಲ್ಲಿ ಹುರುಳಿದೆ ಅಂತ ತಿಳಿಯಬೇಕು.

ಮೊದಲು ನನ್ನ ತೀರ್ಪು ಹೇಳಿಬಿಡುತ್ತೇನೆ. ಸೋಟೊನನ್ನು ಆ ಬೆಲೆಗೆ ಬಿಟ್ಟುಕೊಟ್ಟಿದ್ದು ತಪ್ಪಲ್ಲ. ಆ ದುಡ್ಡನ್ನು ನಾಲ್ಕು ಕಡೆ ಹಂಚಿದ್ದೂ ಬಹುಮಟ್ಟಿಗೆ ಸರಿ. ಎಡವಿದ್ದು ಮೂರನೇ ಬೇಸ್‌ನಲ್ಲಿ (ಮೈದಾನದ ಒಂದು ಫೀಲ್ಡಿಂಗ್ ಜಾಗ), ಮತ್ತು ಅದಕ್ಕೆ ಕಾರಣವಾದ ಡೆವಿನ್ ವಿಲಿಯಮ್ಸ್ ಅನ್ನುವ ಪಿಚರ್‌ನ (ಚೆಂಡೆಸೆಯುವವನ) ವಿನಿಮಯದಲ್ಲಿ. ವಾದ ಮಾಡುವವರು ಹೆಚ್ಚಾಗಿ ಸೋಟೊ ಹೆಸರಲ್ಲೇ ನಿಂತುಬಿಡುತ್ತಾರೆ, ಅದಕ್ಕೇ ಜಗಳ ಮುಗಿಯುತ್ತಿಲ್ಲ.

ಐಪಿಎಲ್ ಲೆಕ್ಕ ಇಲ್ಲಿ ಹೊಂದುವುದಿಲ್ಲ. 2025ರ ಮೆಗಾ ಹರಾಜಿನಲ್ಲಿ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿಯ ಗಡಿ ಇತ್ತು. ಆರ್‌ಸಿಬಿ ಕೊಹ್ಲಿ, ಪಾಟೀದಾರ್, ಯಶ್ ದಯಾಳ್ ಮೂವರನ್ನೇ 37 ಕೋಟಿಗೆ ಉಳಿಸಿಕೊಂಡು, ಸಿರಾಜ್‌ನಂಥವರನ್ನು ಬಿಟ್ಟು, ಮಿಕ್ಕ 83 ಕೋಟಿಯಲ್ಲಿ ತಂಡ ಕಟ್ಟಿತು. ಅಮೆರಿಕದ ಬೇಸ್‌ಬಾಲ್ ಲೀಗ್ ಆದ ಎಂಎಲ್‌ಬಿಯಲ್ಲಿ ಅಂಥ ಗೋಡೆ ಇಲ್ಲ, ಹರಾಜೂ ಇಲ್ಲ. ಆಟಗಾರ ಆರು ವರ್ಷದ ಸೇವೆ ಮುಗಿಸಿದರೆ ಸ್ವತಂತ್ರ. ಒಂದು ವರ್ಷ ಅಂದರೆ ತಂಡದ ಪಟ್ಟಿಯಲ್ಲಿ 172 ದಿನ. ಆಮೇಲೆ ಹಳೆಯ ತಂಡಕ್ಕೆ 'ಅದೇ ಬೆಲೆಗೆ ನನಗೇ ಕೊಡಿ' ಅನ್ನುವ ಹಕ್ಕಿಲ್ಲ. ಮಾತುಕತೆ ನವೆಂಬರ್‌ನಲ್ಲಿ ಶುರುವಾಗಿ ಕೆಲವೊಮ್ಮೆ ಮಾರ್ಚ್‌ವರೆಗೂ ಎಳೆಯುತ್ತದೆ.

ಗೋಡೆಯ ಬದಲು ಅಲ್ಲಿರುವುದು ತೆರಿಗೆ, ಲಕ್ಷುರಿ ಟ್ಯಾಕ್ಸ್. ಇದು ಅರ್ಥವಾಗದೆ ಯಾವ ಒಪ್ಪಂದವನ್ನೂ ಅಳೆಯಲಾಗದು. 2025ಕ್ಕೆ ಮೊದಲ ಮಿತಿ 24.1 ಕೋಟಿ ಡಾಲರ್. ಮೊದಲ ಸಲ ದಾಟಿದವರಿಗೆ ಮೇಲಿನ ಹಣದ ಮೇಲೆ ಶೇ 20, ಸತತ ಎರಡನೇ ವರ್ಷ ಶೇ 30, ಮೂರನೇ ವರ್ಷದಿಂದ ಶೇ 50. ಇದರ ಮೇಲೆ ಮೆಟ್ಟಿಲುಗಳಿವೆ: 26.1, 28.1, 30.1 ಕೋಟಿ. ಕೊನೆಯ ಮೆಟ್ಟಿಲು ದಾಟಿದರೆ ಇನ್ನೂ ಶೇ 60 ಸೇರುತ್ತದೆ. ಯಾಂಕೀಸ್ ವರ್ಷಗಳಿಂದ ಸತತವಾಗಿ ಮಿತಿ ಮೀರುತ್ತಿರುವ ತಂಡ, ಆದ್ದರಿಂದ 30.1 ಕೋಟಿಯ ಮೇಲಿನ ಪ್ರತಿ ಡಾಲರ್‌ಗೂ ಶೇ 110 ತೆರಿಗೆ. ಒಂದು ಡಾಲರ್ ಸಂಬಳ ಮಾಲೀಕರಿಗೆ 2 ಡಾಲರ್ 10 ಸೆಂಟ್ ಆಗುತ್ತದೆ. ಆ ಚಳಿಗಾಲ ಯಾಂಕೀಸ್ ತೆಗೆದುಕೊಂಡ ಪಾಲ್ ಗೋಲ್ಡ್‌ಸ್ಮಿತ್‌ನ ಒಂದು ವರ್ಷದ 1.25 ಕೋಟಿ ಆ ಪದರದಲ್ಲಿ ಬಿದ್ದರೆ ಅದರ ನಿಜ ಬೆಲೆ 2.6 ಕೋಟಿ ದಾಟಿತು.

ಇಲ್ಲೊಂದು ಎಚ್ಚರ ಬೇಕು. ತೆರಿಗೆ ಬೀಳುವುದು ಒಟ್ಟು ಸಂಬಳದ ತುದಿಯ ಮೇಲೆ, ಯಾವುದೋ ಒಬ್ಬನ ಹೆಸರಿನ ಮೇಲಲ್ಲ. ತನಗೆ ಇಷ್ಟವಿಲ್ಲದ ಆಟಗಾರನನ್ನೇ ಆ ತುದಿಯಲ್ಲಿ ಕೂರಿಸಿ 'ಇವನಿಗೆ ಎರಡು ಪಟ್ಟು ಕೊಟ್ಟರು' ಅನ್ನುವುದು ಈ ವಾದಗಳಲ್ಲಿ ತುಂಬಾ ಸಾಮಾನ್ಯ. ಹೊಸ ಆಟಗಾರ ಬಂದಾಗ ಹಾಗೆ ಹೇಳುವುದರಲ್ಲಿ ಅರ್ಥವಿದೆ, ಏಕೆಂದರೆ ಅವನನ್ನು ತೆಗೆದುಕೊಳ್ಳದಿದ್ದರೆ ಆ ತೆರಿಗೆ ಉಳಿಯುತ್ತಿತ್ತು. ಹಳೆಯ ಒಪ್ಪಂದಗಳ ಬಗ್ಗೆ ಹಾಗೆ ಹೇಳಿದರೆ ಅದು ಬರೀ ಸಿಟ್ಟು.

ತೆರಿಗೆಗೆ ಲೆಕ್ಕ ಹಿಡಿಯುವುದು ಒಪ್ಪಂದದ ವಾರ್ಷಿಕ ಸರಾಸರಿಯನ್ನು. ಸೋಟೊ ಮೆಟ್ಸ್ ಜೊತೆ ಮಾಡಿಕೊಂಡದ್ದು 15 ವರ್ಷಕ್ಕೆ 76.5 ಕೋಟಿ ಡಾಲರ್, ಅಂದರೆ ವರ್ಷಕ್ಕೆ 5.1 ಕೋಟಿ. ಒಂದು ಪೈಸೆಯೂ ಮುಂದೂಡಿಕೆ ಇಲ್ಲ. ಡಾಡ್ಜರ್ಸ್‌ನ ಓಟಾನಿಯದು 10 ವರ್ಷಕ್ಕೆ 70 ಕೋಟಿ ಅನ್ನುತ್ತಾರಲ್ಲ, ಅದರಲ್ಲಿ ವರ್ಷಕ್ಕೆ 6.8 ಕೋಟಿ 2034ರಿಂದ 2043ರ ನಡುವೆ ಬಡ್ಡಿ ಇಲ್ಲದೆ ಸಿಗುವ ಹಣ, ಹಾಗಾಗಿ ತೆರಿಗೆಗೆ ಹಿಡಿಯುವುದು ವರ್ಷಕ್ಕೆ ಸುಮಾರು 4.6 ಕೋಟಿ. ಹೊರಗೆ ಕಾಣುವ ಮೊತ್ತ ಹೋಲಿಸಿ ಮಾತಾಡುವವರನ್ನು ಮೊದಲು ಈ ಪ್ರಶ್ನೆ ಕೇಳಿ: ಎಷ್ಟು ಹಣ ಮುಂದೂಡಿದ್ದಾರೆ?

ಯಾಂಕೀಸ್ ಕೊನೆಗೆ 16 ವರ್ಷಕ್ಕೆ 76 ಕೋಟಿಯವರೆಗೆ ಹೋಗಿತ್ತು ಅಂತ ವರದಿಯಾಗಿತ್ತು. ಆದ್ದರಿಂದ 'ಜಿಪುಣತನ ಮಾಡಿದರು' ಅನ್ನುವ ವಾದ ನಿಲ್ಲುವುದಿಲ್ಲ. ಸೋಟೊಗೆ ಆಗ 26 ವರ್ಷ, ಒಪ್ಪಂದ ಮುಗಿಯುವಾಗ 40 ದಾಟಿರುತ್ತದೆ. ಬ್ಯಾಟ್ಸ್‌ಮನ್‌ಗಳ ಉತ್ತುಂಗ ಸಾಮಾನ್ಯವಾಗಿ 26ರಿಂದ 29. ಮೊದಲ ಐದಾರು ವರ್ಷ ಕೊಟ್ಟದ್ದಕ್ಕಿಂತ ಹೆಚ್ಚು ಸಿಗುತ್ತದೆ, ಕೊನೆಯ ಐದಾರು ವರ್ಷ ನಷ್ಟ ಅಂತ ಎರಡೂ ತಂಡಕ್ಕೆ ಗೊತ್ತಿತ್ತು. ಮೇಲಾಗಿ 2029ರ ನಂತರ ಆತ ಒಪ್ಪಂದದಿಂದ ಹೊರಬರಬಹುದು. ಅದನ್ನು ತಡೆಯಬೇಕೆಂದರೆ ಮೆಟ್ಸ್ ಉಳಿದ ಹತ್ತು ವರ್ಷಕ್ಕೆ ವರ್ಷಕ್ಕೆ 40 ಲಕ್ಷ ಹೆಚ್ಚಿಸಬೇಕು.

ಈಗ ಮುಖ್ಯ ಲೆಕ್ಕ. ಆಟಗಾರನ ಕೊಡುಗೆಯನ್ನು ಗೆಲುವುಗಳಲ್ಲಿ ಅಳೆಯುವ 'ವಾರ್' ಅನ್ನುವ ಅಂಕಿ ಇದೆ: ಮೈನರ್ ಲೀಗ್‌ನಿಂದ (ಕೆಳ ಹಂತದ ಲೀಗ್) ಕನಿಷ್ಠ ಸಂಬಳಕ್ಕೆ ಸಿಗುವ ಒಬ್ಬನ ಬದಲು ಇವನಿದ್ದರೆ ಎಷ್ಟು ಗೆಲುವು ಜಾಸ್ತಿ ಅಂತ. ಅಂಥ ಕನಿಷ್ಠ ಆಟಗಾರರದ್ದೇ ತಂಡವಾದರೆ 162 ಪಂದ್ಯದಲ್ಲಿ ಸುಮಾರು 48 ಗೆಲ್ಲುತ್ತದೆ ಅಂತ ಆಧಾರ ಇಟ್ಟುಕೊಂಡಿದ್ದಾರೆ. 2024ರಲ್ಲಿ ಸೋಟೊ 41 ಹೋಮ್ ರನ್ (ಸಿಕ್ಸರ್‌ನಂಥ ಹೊಡೆತ), 129 ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಸಿಗುವ ಮೊದಲ ಬೇಸ್) ಸೇರಿ ಸುಮಾರು 8 ವಾರ್ ಕೊಟ್ಟ. 'ಅದನ್ನು ತುಂಬಲು 8 ವಾರ್‌ನ ಇನ್ನೊಬ್ಬ ಬೇಕು' ಅನ್ನುವುದೇ ಎಲ್ಲರೂ ಮಾಡುವ ತಪ್ಪು. ಪಟ್ಟಿಯಲ್ಲಿ ಯಾವ ಜಾಗ ಪಾಳು ಬಿದ್ದಿದೆ ಅಂತ ನೋಡಬೇಕು. ಆ ವರ್ಷ ಮೊದಲ ಬೇಸ್‌ನಲ್ಲಿ ಆಂಥನಿ ರಿಝೊಗೆ ಬರೀ .228 ಬ್ಯಾಟಿಂಗ್ ಸರಾಸರಿ, 8 ಹೋಮ್ ರನ್. ಎಡ ಫೀಲ್ಡ್‌ನಲ್ಲಿ ವರ್ಡುಗೊ ಕೂಡ ಸೊರಗಿದ್ದ. ಹೊಂಡ ಇರುವ ಕಡೆ ಸಾಧಾರಣ ಆಟಗಾರ ಬಂದರೂ ಎರಡು ಗೆಲುವು ಹೆಚ್ಚುತ್ತದೆ. ಗೋಲ್ಡ್‌ಸ್ಮಿತ್ ರಿಝೊ ಜಾಗಕ್ಕೆ, ಕಬ್ಸ್‌ನಿಂದ ಪಡೆದ ಕೋಡಿ ಬೆಲಿಂಜರ್ ಔಟ್‌ಫೀಲ್ಡ್‌ಗೆ, 8 ವರ್ಷಕ್ಕೆ 21.8 ಕೋಟಿ ಕೊಟ್ಟು ಮ್ಯಾಕ್ಸ್ ಫ್ರೀಡ್ ಪಿಚಿಂಗ್‌ಗೆ. ಮೂರು ಹೊಂಡ ಮುಚ್ಚಿದರೆ ಒಂದು ಶಿಖರ ಕಳೆದದ್ದು ಬಹಳಷ್ಟು ಸರಿಹೋಗುತ್ತದೆ.

ಫೀಲ್ಡಿಂಗ್ ಕೂಡ ಇದರಲ್ಲಿದೆ. 2024ರ ವರ್ಲ್ಡ್ ಸೀರೀಸ್‌ನ (ಫೈನಲ್ ಸರಣಿ) ಐದನೇ ಪಂದ್ಯದ ಐದನೇ ಇನಿಂಗ್ಸ್ ನೋಡಿಲ್ಲದಿದ್ದರೆ ನೋಡಿ. ಡಾಡ್ಜರ್ಸ್ ಎದುರು 5-0 ಮುಂದಿತ್ತು ಯಾಂಕೀಸ್. ಸೆಂಟರ್ ಫೀಲ್ಡ್‌ನಲ್ಲಿ ಆರನ್ ಜಡ್ಜ್ ಸುಲಭದ ಕ್ಯಾಚ್ ಬಿಟ್ಟ, ವೋಲ್ಪೆ ಮೂರನೇ ಬೇಸ್‌ಗೆ ಎಸೆದದ್ದು ಕೆಟ್ಟಿತು, ಮೂಕಿ ಬೆಟ್ಸ್ ಹೊಡೆದ ಚೆಂಡು ರಿಝೊ ಕೈಸೇರಿದಾಗ ಪಿಚರ್ ಗೆರಿಟ್ ಕೋಲ್ ಮೊದಲ ಬೇಸ್‌ಗೆ ಓಡಲಿಲ್ಲ. ಐದೂ ರನ್ ಹೋಯಿತು, 7-6ರಲ್ಲಿ ಪಂದ್ಯ, ಅದರೊಂದಿಗೆ ಸರಣಿ. ಸೋಟೊ ರೈಟ್ ಫೀಲ್ಡ್‌ನಲ್ಲಿ ಇದ್ದದ್ದರಿಂದಲೇ ಜಡ್ಜ್ ಸೆಂಟರ್‌ನಲ್ಲಿ ನಿಲ್ಲಬೇಕಾಗಿತ್ತು. ಸೋಟೊ ಹೋದ ಮೇಲೆ ಜಡ್ಜ್ ತನ್ನ ಜಾಗಕ್ಕೆ ಮರಳಿದ, ಬೆಲಿಂಜರ್, ಗ್ರಿಶಮ್ ಇಬ್ಬರೂ ಓಡಿ ಹಿಡಿಯಬಲ್ಲವರು. ಈ ಲಾಭ ಸಂಬಳದ ಪಟ್ಟಿಯಲ್ಲಿ ಕಾಣುವುದಿಲ್ಲ.

ಫ್ರೀಡ್‌ಗೆ ಕೊಟ್ಟದ್ದು ಬರೀ ದುಡ್ಡಲ್ಲ. ಅವನ ಹಳೆಯ ತಂಡ ಅಟ್ಲಾಂಟಾ ಅವನಿಗೆ ಕ್ವಾಲಿಫೈಯಿಂಗ್ ಆಫರ್ (ಉಳಿಯುವುದಾದರೆ ಒಂದು ವರ್ಷದ ನಿಗದಿತ ಸಂಬಳ) ಕೊಟ್ಟಿತ್ತು, ಆ ಚಳಿಗಾಲದಲ್ಲಿ ಅದು ಒಂದು ವರ್ಷಕ್ಕೆ 2.105 ಕೋಟಿ. ಅದನ್ನು ನಿರಾಕರಿಸಿದವನನ್ನು ತೆರಿಗೆ ಕಟ್ಟುವ ತಂಡ ತೆಗೆದುಕೊಂಡರೆ ಡ್ರಾಫ್ಟ್‌ನಲ್ಲಿ (ಹೊಸ ಹುಡುಗರನ್ನು ಸರದಿಯಂತೆ ಆರಿಸುವ ವ್ಯವಸ್ಥೆ) ಎರಡನೇ ಮತ್ತು ಐದನೇ ಅತಿ ಎತ್ತರದ ಆಯ್ಕೆ ಕಳೆದುಕೊಳ್ಳುತ್ತದೆ, ವಿದೇಶಿ ಹುಡುಗರಿಗೆ ಕೊಡುವ ಬೋನಸ್ ನಿಧಿಯಲ್ಲಿ 10 ಲಕ್ಷ ಡಾಲರ್ ಕಡಿತ. ಅತ್ತ ಸೋಟೊ ಹೋದದ್ದಕ್ಕೆ ಯಾಂಕೀಸ್‌ಗೆ ಸಿಕ್ಕಿದ್ದು ನಾಲ್ಕನೇ ಸುತ್ತಿನ ನಂತರದ ಒಂದು ಆಯ್ಕೆ ಅಷ್ಟೇ, ಏಕೆಂದರೆ ಅವರು ತೆರಿಗೆ ಕಟ್ಟುವವರು. 2024ರಲ್ಲಿ ಮಿತಿಯನ್ನು 4 ಕೋಟಿಗಿಂತ ಹೆಚ್ಚು ಮೀರಿದ್ದಕ್ಕೆ ಮೊದಲ ಆಯ್ಕೆಯೂ ಹತ್ತು ಸ್ಥಾನ ಕೆಳಗೆ, 39ಕ್ಕೆ ಇಳಿಯಿತು. ಇಷ್ಟಾದರೂ ಫ್ರೀಡ್ ಒಪ್ಪಂದ ಸರಿ ಅಂತಲೇ ನನ್ನ ಅಭಿಪ್ರಾಯ. ಐದು ಒಳ್ಳೆಯ ಸ್ಟಾರ್ಟರ್ (ಪಂದ್ಯ ಶುರು ಮಾಡುವ ಪಿಚರ್) ಇದ್ದರೆ ಸಾಕು ಅನ್ನುವುದು ಕಾಗದದ ಮಾತು. ಸೀಸನ್ ಮುಗಿಯುವಷ್ಟರಲ್ಲಿ ಎಂಟು ಒಂಬತ್ತು ಜನ ಬೇಕಾಗುತ್ತದೆ. 2025ರ ಮಾರ್ಚ್‌ನಲ್ಲಿ ಕೋಲ್‌ಗೆ ಮೊಣಕೈ ಶಸ್ತ್ರಚಿಕಿತ್ಸೆಯಾಗಿ ಇಡೀ ವರ್ಷ ಹೋಯಿತು, ಹಿಂದಿನ ವರ್ಷದ ರೂಕಿ ಆಫ್ ದಿ ಇಯರ್ ಲೂಯಿಸ್ ಹೀಲ್‌ಗೂ ಗಾಯ. ಎರಡನೆಯವನಾಗಿ ಬಂದ ಫ್ರೀಡ್ ಮೊದಲನೆಯವನಾಗಿ 19 ಗೆಲುವು, 5 ಸೋಲು, 2.86 ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್, ಕಡಿಮೆಯಿದ್ದಷ್ಟೂ ಒಳ್ಳೆಯದು) ಕೊಟ್ಟ. ಆದರೆ ಅವನಿಗೂ ಒಪ್ಪಂದದ ಕೊನೆಗೆ 38 ಆಗುತ್ತದೆ. ಆ ಬಿಲ್ ಇನ್ನೂ ಬಂದಿಲ್ಲ.

ಇನ್ನು ನಾನು ತಪ್ಪು ಅಂದದ್ದು. ಗ್ಲೇಬರ್ ಟೋರೆಸ್ ಒಂದು ವರ್ಷಕ್ಕೆ 1.5 ಕೋಟಿಗೆ ಡೆಟ್ರಾಯಿಟ್‌ಗೆ ಹೋದ. ಅವನ ಎರಡನೇ ಬೇಸ್‌ಗೆ ಜ್ಯಾಝ್ ಚಿಜಮ್ ಬಂದ, ಜ್ಯಾಝ್ ಇದ್ದ ಮೂರನೇ ಬೇಸ್ ಖಾಲಿಯಾಯಿತು. ಇದು ಡಿಸೆಂಬರ್‌ನಲ್ಲೇ ಕಾಣುತ್ತಿತ್ತು. ಅದೇ ಡಿಸೆಂಬರ್‌ನಲ್ಲಿ ಯಾಂಕೀಸ್ ಮಿಲ್ವಾಕಿಯಿಂದ ಕ್ಲೋಸರ್ (ಪಂದ್ಯದ ಕೊನೆಯ ಇನಿಂಗ್ಸ್ ಮುಗಿಸುವ ಪಿಚರ್) ಡೆವಿನ್ ವಿಲಿಯಮ್ಸ್‌ನನ್ನು ಪಡೆಯಲು ಪಿಚರ್ ನೆಸ್ಟರ್ ಕೋರ್ಟೆಸ್ ಜೊತೆಗೆ ಕೇಲೆಬ್ ಡರ್ಬಿನ್ ಅನ್ನುವ, ಬೇಸ್‌ಗಳ ಬಳಿ ಫೀಲ್ಡ್ ಮಾಡುವ ಹುಡುಗನನ್ನೂ ಕೊಟ್ಟಿತು. ವಿಲಿಯಮ್ಸ್‌ಗೆ ಉಳಿದಿದ್ದು ಒಂದೇ ವರ್ಷ. ಡರ್ಬಿನ್ ಇನ್ನೂ ಎಂಎಲ್‌ಬಿ ಆಡಿರಲಿಲ್ಲ, ಅಂದರೆ ಆರು ವರ್ಷದ ಹಕ್ಕು, ಮೊದಲ ವರ್ಷಗಳಲ್ಲಿ ಕನಿಷ್ಠ ಸಂಬಳದ (2025ರಲ್ಲಿ 7.6 ಲಕ್ಷ ಡಾಲರ್) ಆಸುಪಾಸು.

ಒಬ್ಬ ಕ್ಲೋಸರ್ ವರ್ಷಕ್ಕೆ ಎಸೆಯುವುದು 60-65 ಇನಿಂಗ್ಸ್. ತಂಡಕ್ಕೆ ಬೇಕಾಗುವುದು 1,450ರ ಹತ್ತಿರ. ಅಷ್ಟು ಚಿಕ್ಕ ಮಾದರಿಯಲ್ಲಿ ಹತ್ತು ಕೆಟ್ಟ ರಾತ್ರಿ ಸಾಕು, ಇಡೀ ವರ್ಷದ ಅಂಕಿ ಹಾಳಾಗುತ್ತದೆ. ವಿಲಿಯಮ್ಸ್‌ಗೆ ಆದದ್ದೂ ಅದೇ: ಏಪ್ರಿಲ್ ಕೊನೆಗೇ ಕ್ಲೋಸರ್ ಜಾಗ ಹೋಯಿತು, ವರ್ಷದ ಇಆರ್‌ಎ 4.79. ಆದರೆ 62 ಇನಿಂಗ್ಸ್‌ನಲ್ಲಿ 90 ಸ್ಟ್ರೈಕ್‌ಔಟ್ (ಎಸೆತದಿಂದಲೇ ಔಟ್) ಇದ್ದವು, ಎಸೆತ ಸತ್ತಿರಲಿಲ್ಲ. ಅವನನ್ನು ಬೈಯುವುದಕ್ಕಿಂತ, ಇಷ್ಟು ಏರಿಳಿತ ಇರುವ ಜಾಗಕ್ಕೆ ಆರು ವರ್ಷದ ಆಟಗಾರನನ್ನು ಕೊಟ್ಟದ್ದನ್ನು ಪ್ರಶ್ನಿಸಬೇಕು. ಡರ್ಬಿನ್ ಮಿಲ್ವಾಕಿಯ ಮೂರನೇ ಬೇಸ್ ಹಿಡಿದ, ಆ ತಂಡ 97 ಗೆದ್ದಿತು. ಇತ್ತ ಮೂರನೇ ಬೇಸ್‌ನಲ್ಲಿ ನಿಂತ ಓಸ್ವಾಲ್ಡೊ ಕಬ್ರೆರಾ ಮೇ ತಿಂಗಳಲ್ಲಿ ಕಣಕಾಲು ಮುರಿದುಕೊಂಡ, ಲೆಮೇಹ್ಯೂನನ್ನು ಜುಲೈನಲ್ಲಿ ಕೈಬಿಟ್ಟರು, ಕೊನೆಗೆ ಅದೇ ತಿಂಗಳು ಕೊಲರಾಡೊಗೆ ಎಳೆಯ ಪಿಚರ್‌ಗಳನ್ನು ಕೊಟ್ಟು ರಯಾನ್ ಮೆಕ್‌ಮಹನ್‌ನನ್ನು ತಂದರು, 2027ರವರೆಗಿನ ಸಂಬಳದ ಸಮೇತ. ಶೇ 110ರ ತೆರಿಗೆ ನೆನಪಿದೆಯಲ್ಲ? ಅಗ್ಗದ ಆಟಗಾರನನ್ನು ಕೊಟ್ಟು ಅದೇ ಜಾಗಕ್ಕೆ ದುಬಾರಿ ಆಟಗಾರನನ್ನು ತಂದಂತಾಯಿತು.

ಬೆಲಿಂಜರ್ ವಿಷಯದಲ್ಲಿ ಮೆಚ್ಚುವವರೂ ಒಂದು ಮಾತು ಮರೆಯುತ್ತಾರೆ. ಅವನಿಗೆ 2025ರ ನಂತರ ಹೊರಬರುವ ಆಯ್ಕೆ ಇತ್ತು. ಚೆನ್ನಾಗಿ ಆಡಿದರೆ ಹೊರಟುಹೋಗುತ್ತಾನೆ, ಕೆಟ್ಟರೆ ಮುಂದಿನ ವರ್ಷದ 2.5 ಕೋಟಿ ನಿಮ್ಮ ತಲೆಗೆ. ಆತ 29 ಹೋಮ್ ರನ್ ಹೊಡೆದ, ಆಯ್ಕೆ ಬಳಸಿಕೊಂಡ. ಆಟಗಾರನ ಕೈಯಲ್ಲಿರುವ ಆಯ್ಕೆ ಯಾವಾಗಲೂ ಹೀಗೇ ಒಮ್ಮುಖ. ಬೆಲೆ ಕಟ್ಟುವಾಗ ಅದನ್ನು ಸಂಬಳದ ಭಾಗವೆಂದೇ ಎಣಿಸಬೇಕು.

ನಿಮ್ಮ ಆಫೀಸಿನವರು ಖಂಡಿತ 94 ಅನ್ನುವ ಅಂಕಿ ತರುತ್ತಾರೆ. ಸೋಟೊ ಇದ್ದ 2024ರಲ್ಲಿ 94-68, ಇಲ್ಲದ 2025ರಲ್ಲೂ 94-68. ಮೆಟ್ಸ್ ಮಾತ್ರ ಸೋಟೊ 43 ಹೋಮ್ ರನ್ ಹೊಡೆದರೂ 83-79ರಲ್ಲಿ ಪ್ಲೇಆಫ್ ತಪ್ಪಿಸಿಕೊಂಡಿತು. ಇದರಿಂದ ಏನೂ ಸಾಬೀತಾಗುವುದಿಲ್ಲ. ಗ್ರಿಶಮ್ 34 ಹೋಮ್ ರನ್ ಹೊಡೆಯುತ್ತಾನೆ ಅಂತ ಯಾರೂ ಯೋಜಿಸಿರಲಿಲ್ಲ, ಕೋಲ್ ಇಲ್ಲದ ವರ್ಷವನ್ನೂ ಯೋಜಿಸಿರಲಿಲ್ಲ. ಒಂದು ಪಂದ್ಯ ಹಿಡಿದು ಮಾತಾಡುವವರು ಇನ್ನೂ ಕಷ್ಟ: 2025ರ ಮಾರ್ಚ್ 29ರಂದು ಮಿಲ್ವಾಕಿಗಾಗಿ ಬಂದ ಕೋರ್ಟೆಸ್‌ನ ಮೊದಲ ಮೂರು ಎಸೆತಕ್ಕೆ ಗೋಲ್ಡ್‌ಸ್ಮಿತ್, ಬೆಲಿಂಜರ್, ಜಡ್ಜ್ ಮೂರು ಹೋಮ್ ರನ್ ಹೊಡೆದು 20-9ರಲ್ಲಿ ಗೆದ್ದಾಗ, ಆ ವಿನಿಮಯ ಗೆದ್ದಾಯಿತು ಅಂತ ತೀರ್ಮಾನಿಸಿದವರು ಎಷ್ಟೋ ಜನ. ಒಪ್ಪಂದವನ್ನು ಅದು ನಡೆದ ದಿನ ಗೊತ್ತಿದ್ದ ಸಂಗತಿಗಳಿಂದ ಅಳೆಯಬೇಕು. ಖಾಲಿ ಮೂರನೇ ಬೇಸ್ ಆ ದಿನವೂ ಗೊತ್ತಿತ್ತು, ಅದಕ್ಕೇ ನಾನು ಅದನ್ನು ತಪ್ಪು ಅನ್ನುತ್ತೇನೆ.

ಮುಂದಿನ ಚಳಿಗಾಲ ಸುದ್ದಿ ಬಂದಾಗ ಫ್ಯಾನ್‌ಗ್ರಾಫ್ಸ್ ಜಾಲತಾಣದ ರೋಸ್ಟರ್‌ರಿಸೋರ್ಸ್ ಪುಟ ತೆಗೆಯಿರಿ. ತೆರಿಗೆ ಲೆಕ್ಕದ ಒಟ್ಟು ಮೊತ್ತ, ಪ್ರತಿ ಆಟಗಾರನ ಸೇವಾವಧಿ, ಉಳಿದ 'ಆಪ್ಷನ್' ಒಂದೇ ಕಡೆ ಇವೆ. ಆಪ್ಷನ್ ಅಂದರೆ ಬೇರೆ ತಂಡಗಳಿಗೆ ಬಿಟ್ಟುಕೊಡದೆ ಮೈನರ್‌ಗೆ ಕಳಿಸಬಹುದಾದ ವರ್ಷಗಳು, ಸಾಮಾನ್ಯವಾಗಿ ಮೂರು. ಆಪ್ಷನ್ ಮುಗಿದ ನಾಲ್ಕೈದು ರಿಲೀವರ್‌ಗಳನ್ನು (ಸ್ಟಾರ್ಟರ್ ನಂತರ ಬರುವ ಪಿಚರ್‌ಗಳು) ಪೇರಿಸಿಕೊಂಡ ತಂಡ ಮೇ ತಿಂಗಳಲ್ಲಿ ದಣಿದ ಬುಲ್‌ಪೆನ್‌ಗೆ (ರಿಲೀವರ್ ಬಳಗಕ್ಕೆ) ಹೊಸ ಕೈ ತರಲಾಗದೆ ಒದ್ದಾಡುತ್ತದೆ. ಜೊತೆಗೆ 40 ಜನರ ಪಟ್ಟಿ ತುಂಬಿದೆಯಾ ನೋಡಿ. ಚಳಿಗಾಲದಲ್ಲಿ 60 ದಿನದ ಗಾಯಾಳು ಪಟ್ಟಿ ಇರುವುದಿಲ್ಲ, ಎಲ್ಲ ಗಾಯಾಳುಗಳೂ ಆ 40ರೊಳಗೇ ಕೂರುತ್ತಾರೆ. ಹಾಗಾಗಿ ಒಬ್ಬ ಬಂದರೆ ಒಬ್ಬ ಹೋಗಲೇಬೇಕು, ಹೋದವನನ್ನು ಏಳು ದಿನದೊಳಗೆ ಯಾರಿಗಾದರೂ ಕೊಡಬೇಕು ಅಥವಾ ವೇವರ್ಸ್‌ಗೆ (ಬೇರೆ ತಂಡಗಳು ಎತ್ತಿಕೊಳ್ಳಬಹುದಾದ ಪಟ್ಟಿಗೆ) ಬಿಡಬೇಕು. ದೊಡ್ಡ ಹೆಸರು ಬಂದ ದಿನ ಸುದ್ದಿಯ ಕೊನೆಯ ಸಾಲಿನಲ್ಲಿ ಯಾರ ಹೆಸರು ತೆಗೆದರು ಅಂತ ಇರುತ್ತದೆ, ಅದನ್ನು ಓದದೆ ಬಿಡಬೇಡಿ.