ಕೋಳಿಗೂಡಿನ ಕಳ್ಳ, ಅಟ್ಟದ ಬುಸುಗುಟ್ಟುವ ಸದ್ದು

ಪ್ರಶ್ನೆ: ಹಿತ್ತಲಿನಲ್ಲಿ ಹನ್ನೆರಡು ಕೋಳಿ ಸಾಕಿದ್ದೆವು. ಹದಿನೈದು ದಿನಗಳಲ್ಲಿ ರಾತ್ರಿ ಹೊತ್ತು ಮೂರು ಸತ್ತವು. ಎರಡರ ಕುತ್ತಿಗೆಯಲ್ಲಿ ಕಚ್ಚಿದ ಗಾಯ ಬಿಟ್ಟರೆ ಮೈ ಹಾಗೆಯೇ ಇತ್ತು. ಇನ್ನೊಂದು ತಲೆಯಿಲ್ಲದೆ ಜಾಲರಿಯ ಪಕ್ಕದಲ್ಲಿ ಬಿದ್ದಿತ್ತು. ಸುತ್ತಲೂ ಕೋಳಿ ಜಾಲರಿ ಇದೆ, ಬಾಗಿಲಿಗೆ ಚಿಲಕವಿದೆ. ಬೋನು ಇಡಬೇಕೋ, ವಿಷ ಇಡಬೇಕೋ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ತಲೆಯಿಲ್ಲದ ಆ ಕೋಳಿಯಿಂದಲೇ ಶುರು ಮಾಡೋಣ. ಅದು ಜಾಲರಿಗೆ ಒರಗಿ ಮಲಗಿದ್ದಿರಬೇಕು. ಹೊರಗೆ ನಿಂತ ಪ್ರಾಣಿ ಜಾಲರಿಯ ಕಣ್ಣಿನ ಸಂದಿಯಿಂದಲೇ ತಲೆಯನ್ನು ಎಳೆದುಕೊಂಡಿದೆ. ಮೈ ಒಳಗೇ ಉಳಿದದ್ದು ಅದಕ್ಕೇ. ಉಳಿದೆರಡರ ಕಥೆ ಬೇರೆ. ಕುತ್ತಿಗೆ ಕಚ್ಚಿ ಹೊತ್ತೊಯ್ಯದೆ ಬಿಟ್ಟಿದೆ ಎಂದರೆ, ಸಣಕಲು ಮೈಯ ಪ್ರಾಣಿಯೊಂದು ಒಳಗೆ ನುಸುಳಿದೆ, ತಾನು ಬಂದ ಸಂದಿಯಲ್ಲಿ ಕೋಳಿಯನ್ನು ಹೊರಗೆ ಸಾಗಿಸಲಾಗಿಲ್ಲ. ನರಿಯಾಗಿದ್ದರೆ ಕೋಳಿಯೇ ಕಾಣೆಯಾಗಿ ಪುಕ್ಕಗಳ ಜಾಡು ಮಾತ್ರ ಉಳಿಯುತ್ತಿತ್ತು. ಗಿಡುಗ ಹಗಲಿನ ಬೇಟೆಗಾರ. ಹಿಡಿದ ಜಾಗದಲ್ಲೇ ಪುಕ್ಕ ಕಿತ್ತು ರಾಶಿ ಹಾಕುತ್ತದೆ. ಹಾವು ಮೊಟ್ಟೆಯನ್ನು ಇಡಿಯಾಗಿ ನುಂಗುವುದರಿಂದ ಸಿಪ್ಪೆಯೂ ಸಿಗುವುದಿಲ್ಲ.

ಮೊಟ್ಟೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಮೊಟ್ಟೆ ಕಳ್ಳನನ್ನು ಹಿಡಿಯಲು ನಾನೊಮ್ಮೆ ಎರಡು ರಾತ್ರಿ ಟಾರ್ಚ್ ಹಿಡಿದು ಕುಳಿತಿದ್ದೆ. ಮೂರನೆಯ ದಿನ ಮಧ್ಯಾಹ್ನ ಕಳ್ಳಿ ಸಿಕ್ಕಳು: ಕೊಕ್ಕಿನ ಮೇಲೆ ಹಳದಿ ಒಣಗಿಸಿಕೊಂಡು ನಿಂತಿದ್ದ ನಮ್ಮದೇ ಹೇಟೆ! ಆದ್ದರಿಂದ ಕಾಡಿನ ಮೇಲೆ ದೂರು ಹೊರಿಸುವ ಮೊದಲು ಮನೆಯವರ ಕೊಕ್ಕನ್ನೂ ನೋಡಿಬಿಡಿ.

ಈಗ ಗೂಡಿನ ವಿಷಯ. ಆರು ಮೂಲೆಯ ಕಣ್ಣಿನ ತೆಳು ಕೋಳಿ ಜಾಲರಿ ಕೋಳಿಯನ್ನು ಒಳಗಿಡುತ್ತದೆ, ಕಳ್ಳನನ್ನು ಹೊರಗಿಡುವುದಿಲ್ಲ. ಅಂಗಡಿಯವರು ಏನೇ ಹೇಳಲಿ, ಕೆಳಗಿನ ಮೂರು ಅಡಿಗಾದರೂ ಅರ್ಧ ಅಂಗುಲದ ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ಜಾಲರಿ ಹೊಡೆಯಿರಿ. ಅದನ್ನು ನೆಲದ ಮಟ್ಟದಲ್ಲಿ ಕತ್ತರಿಸಬೇಡಿ; ಒಂದೂವರೆ ಅಡಿಯಷ್ಟು ಹೊರಮುಖವಾಗಿ ಮಡಚಿ, ನೆಲಕ್ಕೆ ಹಾಸಿ, ಮೇಲೆ ಮಣ್ಣು ಮುಚ್ಚಿ. ಅಗೆಯುವ ಪ್ರಾಣಿ ಗೋಡೆಯ ಬುಡಕ್ಕೇ ಪಂಜ ಹಾಕುತ್ತದೆ, ಜಾಲರಿ ತಡೆಯುತ್ತದೆ. ಎರಡಡಿ ಹಿಂದೆ ಸರಿದು ಅಗೆಯುವ ಉಪಾಯ ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಕೋಳಿ ಕೂರುವ ಅಡ್ಡಗೋಲನ್ನು ಜಾಲರಿಯಿಂದ ಒಂದಡಿಗಿಂತ ಹೆಚ್ಚು ದೂರಕ್ಕೆ ಸರಿಸಿ.

ಸಂದಿ ಎಲ್ಲಿದೆ ಎಂದು ಹಗಲಿನಲ್ಲಿ ಹುಡುಕಿದರೆ ಕಾಣುವುದಿಲ್ಲ. ಕತ್ತಲಾದ ಮೇಲೆ ಗೂಡಿನೊಳಗೆ ಒಂದು ದೀಪ ಇಟ್ಟು ಹೊರಗೆ ನಿಂತು ನೋಡಿ. ಬೆಳಕು ಸೋರುವಲ್ಲೆಲ್ಲ ಹೆಬ್ಬೆರಳು ತೂರಿಸಿ. ಬೆರಳು ಹೋದರೆ ಇಲಿಯೂ ಹೋದೀತು. ಮಲಗುವ ಮುನ್ನ ಸುತ್ತ ಜರಡಿ ಹಿಡಿದ ಬೂದಿ ಉದುರಿಸಿದರೆ ಬೆಳಿಗ್ಗೆ ಹೆಜ್ಜೆ ಗುರುತು ಸಿಗುತ್ತದೆ. ವಿಷ ಏಕೆ ಬೇಡ ಎಂಬುದಕ್ಕೆ ಮುಂದಿನ ಪತ್ರ ಓದಿ.

ಪ್ರಶ್ನೆ: ಕೊಟ್ಟಿಗೆಯ ಅಟ್ಟದಲ್ಲಿ ರಾತ್ರಿಯಿಡೀ ಬುಸುಗುಟ್ಟುವ ಸದ್ದು. ಹಾವೆಂದು ಮನೆಯಲ್ಲಿ ಯಾರೂ ಹತ್ತಲು ಒಪ್ಪುತ್ತಿಲ್ಲ. ಕೆಳಗೆ ಹೆಬ್ಬೆರಳಿನಷ್ಟು ದಪ್ಪದ ಕಪ್ಪು ಉಂಡೆಗಳು ಬೀಳುತ್ತಿವೆ.

ಉತ್ತರ: ಒಂದು ಉಂಡೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಎರಡು ಕಡ್ಡಿಗಳಿಂದ ಬಿಡಿಸಿ. ಬೂದು ಕೂದಲಿನ ನಡುವೆ ಸೂಜಿಯಂಥ ಮೂಳೆಗಳು, ಕಿತ್ತಳೆ ಬಣ್ಣದ ಬಾಗಿದ ಮುಂಹಲ್ಲಿರುವ ಪುಟ್ಟ ತಲೆಬುರುಡೆಗಳು ಸಿಕ್ಕರೆ ಅವು ಇಲಿಗಳವು. ನಿಮ್ಮ ಅಟ್ಟದಲ್ಲಿರುವುದು ಹಾವಲ್ಲ, ಕಣಜ ಗೂಬೆಯ ಮರಿಗಳು. ಹಸಿದಾಗ ಅವು ಹಾಗೆಯೇ ಬುಸುಗುಟ್ಟುತ್ತವೆ. ಗೂಬೆ ಇಲಿಯನ್ನು ಸಾಮಾನ್ಯವಾಗಿ ಇಡಿಯಾಗಿ ನುಂಗಿ, ಅರಗದ ಕೂದಲು ಮೂಳೆಗಳನ್ನು ಉಂಡೆ ಮಾಡಿ ಉಗುಳುತ್ತದೆ.

ತಾಯಿ ಮೊಟ್ಟೆಗಳನ್ನು ಎರಡು ಮೂರು ದಿನಗಳ ಅಂತರದಲ್ಲಿಟ್ಟು, ಮೊದಲನೆಯದರಿಂದಲೇ ಕಾವು ಕೊಡುತ್ತದೆ. ಹಾಗಾಗಿ ಒಂದೇ ಗೂಡಿನಲ್ಲಿ ದೊಡ್ಡಣ್ಣನೂ ಇರುತ್ತಾನೆ, ಕೈಗೂಸೂ ಇರುತ್ತದೆ. ಮೊಟ್ಟೆಯೊಡೆದ ಎರಡು ತಿಂಗಳ ಹೊತ್ತಿಗೆ ಮರಿಗಳು ಹಾರಲು ಶುರುಮಾಡುತ್ತವೆ. ಅಲ್ಲಿಯವರೆಗೆ ಅಟ್ಟ ಹತ್ತಬೇಡಿ, ಅವು ಓಡಾಡುವ ಕಿಂಡಿ ಮುಚ್ಚಬೇಡಿ.

ಇಲಿ ಪಾಷಾಣವನ್ನಂತೂ ಇಡಲೇಬೇಡಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ನಾಲ್ಕಾರು ದಿನ ತೂರಾಡುತ್ತಾ ಬಯಲಲ್ಲಿ ಓಡಾಡುತ್ತದೆ. ಗೂಬೆಗೆ ಅದಕ್ಕಿಂತ ಸುಲಭದ ಬೇಟೆ ಯಾವುದು? ಇಲಿಯ ಮೈಯ ವಿಷ ಮರಿಗಳ ಹೊಟ್ಟೆಗೂ ಸೇರುತ್ತದೆ.

ಪ್ರಶ್ನೆ: ಕಪ್ಪೆಗಳಿಗೆಂದು ಸಣ್ಣ ಹೊಂಡ ತೋಡಿದೆ. ಸೊಳ್ಳೆ ಆಗದಿರಲೆಂದು ಮೀನು ಬಿಟ್ಟೆ. ಈಗ ಕಪ್ಪೆಯಿಲ್ಲ, ಸೊಳ್ಳೆ ಇದೆ!

ಉತ್ತರ: ಮೀನುಗಳು ಗೊದಮೊಟ್ಟೆಗಳನ್ನು ತಿಂದಿವೆ. ಸಣ್ಣ ಹೊಂಡದಲ್ಲಿ ಎರಡನ್ನೂ ಸಾಕುವುದು ಕಷ್ಟ, ಒಂದನ್ನು ಆರಿಸಿಕೊಳ್ಳಿ. ಕಪ್ಪೆಯೇ ಬೇಕಾದರೆ ಮೀನು ತೆಗೆದು, ಒಂದು ದಡವನ್ನು ಇಳಿಜಾರು ಮಾಡಿ. ಇಲ್ಲವೇ ಒಂದು ಹಲಗೆಯನ್ನಾದರೂ ಓರೆಯಾಗಿ ಇಳಿಬಿಡಿ, ನೀರು ಕುಡಿಯಲು ಬಂದ ಓತಿಕ್ಯಾತವೂ ಅಳಿಲೂ ಹತ್ತಲಾಗದೆ ಮುಳುಗುವುದು ತಪ್ಪುತ್ತದೆ. ಕೊಡತಿಕೀಟಗಳು ತಾವಾಗಿ ಬಂದು ಮೊಟ್ಟೆಯಿಡುತ್ತವೆ, ಅವುಗಳ ಮರಿಗಳು ಸೊಳ್ಳೆಯ ಹುಳುಗಳನ್ನು ಬೇಟೆಯಾಡುತ್ತವೆ.

ಸೊಳ್ಳೆ ಮಾತ್ರ ಆ ಹೊಂಡದ್ದೇ ಎಂದು ನನಗನ್ನಿಸುವುದಿಲ್ಲ. ಕೋಳಿಗೂಡಿನ ಹಿಂದೆ ಎಲ್ಲರೂ ಮರೆತ ಒಂದು ಬಕೆಟ್ ಇದ್ದೇ ಇರುತ್ತದೆ. ಸೆಕೆಗಾಲದಲ್ಲಿ ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಇವತ್ತೇ ಹೋಗಿ ಅದನ್ನು ಬೋರಲು ಹಾಕಿ.